ದೊಡ್ಡ ಕಂಪನಿದಾಗ ಅನ್ಯಾಯ ಆದ್ರ ದೂರು ಕೊಡೋದು ಹೆಂಗ: ಟ್ರೇನಿಂಗ್ ದಿನದಿಂದ ಲೇಬರ್ ಆಫೀಸ್ ತನ, ಹಂತ ಹಂತವಾಗಿ

ಸೇಡಂ, ವಾಡಿ, ಮಳಖೇಡ ಕಡೆ ಸಿಮೆಂಟ್ ಕಾರ್ಖಾನಿ ಇರ್ಲಿ, ಯಾದಗಿರಿಯ ಕಡೇಚೂರಿನ ಕೆಮಿಕಲ್ ಕಂಪನಿ ಇರ್ಲಿ, ಬೀದರಿನ ಕೊಳಾರ, ಹುಮನಾಬಾದ್ ಇಂಡಸ್ಟ್ರಿಯಲ್ ಏರಿಯಾ ಇರ್ಲಿ, ಕೆಲ್ಸಕ್ಕ ಹೋಗೋ ಮಂದಿ ಕೇಳೋದು ಒಂದೇ ಮಾತು: "ದೂರು ಕೊಟ್ವಿ, ಏನೂ ಆಗ್ಲಿಲ್ಲ, ಈಗೇನ್ ಮಾಡೋದ್ರಿ?" ಹೆಂಗ ಕೊಟ್ರಿ ಅಂತ ಕೇಳಿ ನೋಡ್ರಿ. ಒಬ್ರು ಸೂಪರ್‌ವೈಜರ್ ಮುಂದ ಬಾಯಿಲೆ ಹೇಳಿರ್ತಾರ, ಇನ್ನೊಬ್ರು ಕೆಲ್ಸ ಬಿಟ್ಟು ವರ್ಷ ಆದ ಮ್ಯಾಲ ಬಂದಿರ್ತಾರ, ಮತ್ತೊಬ್ರು ಸಂಬಂಧಾನೇ ಇಲ್ಲದ ಆಫೀಸಿಗಿ ಎರಡು ತಿಂಗಳು ಅಲೆದಿರ್ತಾರ. ಅನ್ಯಾಯ ಖರೇನೇ ಆಗಿರ್ತದ, ಆದ್ರ ಕ್ರಮ ತಪ್ಪಿದ್ದಕ್ಕ ದೂರು ಬಿದ್ದೋಗ್ತದ.

ಅದಕ್ಕ ಇಲ್ಲಿ ಬರ್ದಿದ್ದನ್ನ ಬರ್ದ ಕ್ರಮದಾಗೇ ಮಾಡ್ರಿ. ಈಗ ಏನೂ ತೊಂದ್ರಿ ಇಲ್ಲ ಅನ್ನೋರೂ ಹಂತ 1ರಿಂದ 3 ತನ ಇವತ್ತೇ ಮಾಡಿ ಇಡ್ರಿ, ಯಾಕಂದ್ರ ಜಗಳ ಸುರು ಆದ ಮ್ಯಾಲ ಆ ಕಾಗದ ನಿಮ್ಮ ಕೈಗಿ ಸಿಗಂಗಿಲ್ಲ.

ಇನ್ನೊಂದು ಮಾತು ಮೊದಲೇ ಹೇಳ್ಬೇಕು. 2025ರ ನವೆಂಬರ್ 21ಕ್ಕ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗಿ ಬಂದಾವ: ವೇತನ ಸಂಹಿತೆ, ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಮತ್ತ ಔದ್ಯೋಗಿಕ ಸುರಕ್ಷತೆ, ಆರೋಗ್ಯದ್ದು. ಝೆರಾಕ್ಸ್ ಅಂಗಡ್ಯಾಗ ಸಿಗೋ ಹಳೇ ಅರ್ಜಿ ನಮೂನಿ ಒಳಗ ಹಳೇ ಕಾಯ್ದೆ ಹೆಸರೇ ಇರ್ತಾವ, ಅದನ್ನ ಕಣ್ಣು ಮುಚ್ಚಿ ಕಾಪಿ ಮಾಡ್ಬ್ಯಾಡ್ರಿ. ಕಾಯ್ದೆ ಹೆಸರು ಗೊತ್ತಿಲ್ಲಾಂದ್ರ ಬರೀಲೇ ಬ್ಯಾಡ್ರಿ, ಏನಾಗ್ಯಾದ ಅಂತ ನೆಟ್ಟಗ ಬರ್ದ್ರ ಸಾಕು.

## ಮೊದಲ ಇವಿಷ್ಟು ಕೂಡಿಸ್ಕೊಳ್ರಿ

ಹೊಲಿಗಿ ಹಾಕಿದ ಒಂದು ನೋಟ್‌ಬುಕ್ ತಗೊಳ್ರಿ. ಸ್ಪೈರಲ್ ಬ್ಯಾಡ, ಅದರಾಗಿಂದ ಹಾಳಿ ತೆಗದ್ರೂ ಸೇರಿಸಿದ್ರೂ ಗೊತ್ತಾಗಲ್ಲ, ನಾಳಿ "ಆಮ್ಯಾಲ ಬರ್ದದ್ದು" ಅಂತಾರ. ಒಂದು ಪ್ಲಾಸ್ಟಿಕ್ ಫೈಲ್, ಅದರಾಗ ಅಪಾಯಿಂಟ್‌ಮೆಂಟ್ ಲೆಟರ್, ಗೇಟ್ ಪಾಸಿನ ಎರಡೂ ಬದಿ ಝೆರಾಕ್ಸ್, ಪಗಾರ ಸ್ಲಿಪ್ಪು, ಬ್ಯಾಂಕ್ ಪಾಸ್‌ಬುಕ್, ಪಿಎಫ್ (ಭವಿಷ್ಯ ನಿಧಿ) ಖಾತಿಯ ಯುಎಎನ್ ನಂಬರ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮಾ) ನಂಬರ್. ಇವೆಲ್ಲದರ ಫೋಟೋ ಮನಿಯವರ ಫೋನಿಗೂ ಕಳಿಸಿ ಇಡ್ರಿ, ಫೋನ್ ಕಳದು ಸಾಕ್ಷಿನೇ ಹೋಯ್ತು ಅನ್ನೋರು ಭಾಳ ಮಂದಿ ಅವ್ರೆ.

ಎಚ್ಚರ: ಪ್ಲಾಂಟ್ ಒಳಗ ಫೋಟೋ, ವಿಡಿಯೋ ತೆಗಿಬ್ಯಾಡ್ರಿ. ಕೆಮಿಕಲ್ ಕಂಪನಿಗಳಾಗಂತೂ ಕಿಡಿ ಹಾರ್ತದ ಅಂತ ಫೋನ್ ಗೇಟಿನಾಗೇ ಇಡಿಸ್ತಾರ. ಅಲ್ಲಿ ಕದ್ದು ತೆಗ್ದ್ರ ನಿಮ್ಮ ದೂರು ಹಿಂದ್ ಬೀಳ್ತದ, ನಿಮ್ಮ ತಪ್ಪು ಮುಂದ್ ಬರ್ತದ. ನೋಡಿದ್ದನ್ನ ಹೊರಗ ಬಂದ ಕೂಡ್ಲೆ ನೋಟ್‌ಬುಕ್ಕಿನಾಗ ಬರೀರಿ.

## ಹಂತ 1: ಇಂಡಕ್ಷನ್ ಟ್ರೇನಿಂಗ್ ದಿನ, ಸಹಿ ಮಾಡೋಕ್ಕಿಂತ ಮೊದಲ

ಎಲ್ಲಾ ಕೆಡೋದು ಇಲ್ಲಿಂದಾನೇ, ಅದಕ್ಕ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ದೊಡ್ಡ ಕಂಪನಿಗಿ ಮೊದಲನೇ ದಿನ ಹೋದ್ರ ಒಂದು ಹಾಲಿನಾಗ ಕೂಡಿಸ್ತಾರ, ಪರದಿ ಮ್ಯಾಲ ಹಿಂದಿನಾಗೋ ಇಂಗ್ಲಿಷಿನಾಗೋ ಏನೋ ಓಡ್ತದ, ಮಂದಿ ಒಳಗ ಕನ್ನಡದವರು, ದಖನಿ ಉರ್ದು ಮಾತಾಡೋರು, ತೆಲುಗಿನವರು, ತಾಂಡಾದವರು, ಬಿಹಾರದಿಂದ ಬಂದವರು ಎಲ್ಲಾ ಇರ್ತಾರ, ಅರ್ಧ ತಾಸಿನಾಗ ಮುಗಿಸಿ ಒಂದು ರಿಜಿಸ್ಟರ್ ತಿರುಗಿಸ್ತಾರ. ಆ ರಿಜಿಸ್ಟರಿನ ಕಾಲಂ ಒಮ್ಮೆ ನೋಡ್ರಿ: ಹೆಸರು, ಗೇಟ್ ಪಾಸ್ ನಂಬರ್, ವಿಷಯ, ಎಷ್ಟು ತಾಸು, ಕಲಿಸಿದವರ ಹೆಸರು, ಸಹಿ. ಹೆಸರು ಮತ್ತ ಸಹಿ ಅಷ್ಟೇ ತುಂಬಿಸ್ಕೋತಾರ, "ವಿಷಯ" ಮತ್ತ "ತಾಸು" ಖಾಲಿ ಬಿಡ್ತಾರ. ಆಮ್ಯಾಲ ಅಲ್ಲಿ ಏನು ಬೇಕಾದ್ರೂ ತುಂಬಬಹುದು: ಎತ್ತರದ ಮ್ಯಾಲಿನ ಕೆಲ್ಸ, ಟ್ಯಾಂಕಿನೊಳಗ ಇಳಿಯೋದು, ಮಷಿನ್ ಬಂದ್ ಮಾಡಿ ಕೀಲಿ ಹಾಕೋದು, ಆಸಿಡ್ ಹಿಡಿಯೋದು. ನಾಳಿ ಯಾರಿಗಾರ ಪೆಟ್ಟಾದ್ರ ಅದೇ ರಿಜಿಸ್ಟರ್ ತಂದು ತೋರಿಸ್ತಾರ, "ನೋಡ್ರಿ, ಟ್ರೇನಿಂಗ್ ಕೊಟ್ಟೀವಿ, ಸಹಿ ಅದ, ತಪ್ಪು ಅವನ್ದೇ" ಅಂತ. ತಿಳಿಲಾರದ್ದಕ್ಕ ಹಾಕಿದ ಸಹಿ ಕಲಿತಂಗ ಅಲ್ಲ. ಈ ಮಾತು ಕಂಪನಿಯ ಟ್ರೇನಿಂಗ್ ನೋಡ್ಕೊಳ್ಳೋರಿಗೂ ಹೇಳ್ತೀನಿ, ನಿಮ್ಮ ಕೈಕೆಳಗಿನ ಮನಷ್ಯಾನ ಜೀವ ಆ ಖಾಲಿ ಕಾಲಂನಾಗ ಅದ.

ಜಗಳಾಡದ ಮಾಡೋ ರೀತಿ ಹಿಂಗದ:

1. ಸಹಿ ಪಕ್ಕದಾಗ ನಿಮ್ಮ ಕೈಲೆ ತಾರೀಖು ಮತ್ತ ಟೈಮ್ ಬರೀರಿ. ಯಾರೂ ಬ್ಯಾಡ ಅನ್ನಂಗಿಲ್ಲ.
2. ವಿಷಯದ ಕಾಲಂ ಖಾಲಿ ಇದ್ರ "ಸರ್, ಇಲ್ಲೇನ್ ಬರೀಲಿ?" ಅಂತ ಕೇಳಿ ಅವರ ಮುಂದೇ ತುಂಬ್ರಿ. ಅವರೇನೂ ಹೇಳಲಿಲ್ಲಾಂದ್ರ ಆ ಖಾನಿದಾಗ ಒಂದು ಗೆರಿ ಎಳೀರಿ.
3. ಭಾಷಾ ತಿಳಿಲಿಲ್ಲಾಂದ್ರ ಅಲ್ಲೇ ಕೈ ಎತ್ತಿ ಹೇಳ್ರಿ. "ಸರ್, ಕನ್ನಡದಾಗ ಒಂದ್ಸಲ ಹೇಳ್ರಿ" ಅಂದ್ರ ನಿಮ್ಮ ಜೊತಿಗಿ ಹತ್ತು ಮಂದಿಗಿ ಉಪಕಾರ ಆಗ್ತದ. ಕೇಳಿದ್ದು, ಅವರು ಹೇಳಿದ್ದು, ಎರಡೂ ಸಂಜಿಗಿ ನೋಟ್‌ಬುಕ್ಕಿನಾಗ ಬರೀರಿ.
4. ಹೆಬ್ಬೆಟ್ಟು ಒತ್ತೋರು ಇದ್ರ, ಪಕ್ಕದಾಗ ಓದಲಿಕ್ಕ ಬರೋರು ಯಾರು ಓದಿ ಹೇಳಿದ್ರು ಅಂತ ಅವರ ಹೆಸರು ಬರಿಸ್ರಿ.

ಅವತ್ತೇ ಕೇಳಿ ಬರಕೊಳ್ಳಬೇಕಾದ್ದು ನಾಲ್ಕು: ಕುಂದುಕೊರತೆ ಸಮಿತಿದಾಗ ಯಾರ್ಯಾರು ಅವ್ರೆ, ಹೆಣ್ಮಕ್ಕಳ ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಅಧ್ಯಕ್ಷೆ ಯಾರು, ಎಥಿಕ್ಸ್ ಅಥವಾ ವಿಜಿಲೆನ್ಸ್ (ಲಂಚ, ಮೋಸದ) ದೂರಿಗಿ ಇಮೇಲ್ ಯಾವ್ದು ನಂಬರ್ ಯಾವ್ದು, ಪೆಟ್ಟಾದ್ರ ಯಾರಿಗಿ ಮೊದಲ ಹೇಳ್ಬೇಕು. ನೋಟಿಸ್ ಬೋರ್ಡ್ ಎಲ್ಲದ ಅಂತಾನೂ ನೋಡಿ ಇಡ್ರಿ.

ಕೋಡ್ ಆಫ್ ಕಂಡಕ್ಟ್ ಅಂತ ಒಂದು ಪುಸ್ತಕಕ್ಕ ಸಹಿ ತಗೋತಾರಲ್ಲ, ಅದರ ಕಾಪಿ ಕೇಳ್ರಿ. ಲಂಚ ತಗೋಬಾರ್ದು, ಜಾತಿ-ಧರ್ಮ ನೋಡಿ ಭೇದ ಮಾಡಬಾರ್ದು, ದೂರು ಕೊಟ್ಟವರಿಗಿ ಕಾಟ ಕೊಡಬಾರ್ದು ಅಂತ ಅದರಾಗ ಕಂಪನಿನೇ ಬರ್ದಿರ್ತದ. ಮುಂದ ನಿಮ್ಮ ಅರ್ಜಿದಾಗ ಹಾಕ್ಲಾಕ ಅದಕ್ಕಿಂತ ಒಳ್ಳೇ ಆಧಾರ ಇಲ್ಲ, ಅವರದೇ ಮಾತಲ್ಲೇನು.

ಅಪಾಯದ ಗುರುತು: "ಸಹಿ ಮಾಡು, ಟ್ರೇನಿಂಗ್ ನಾಳಿ" ಅಂತಾರ, ಟೆಸ್ಟ್ ಪೇಪರಿಗಿ ಉತ್ತರ ಅವರೇ ಬರ್ದು ತಂದಿರ್ತಾರ, ಖಾಲಿ ಹಾಳಿಗಿ ಅಥವಾ ತಾರೀಖಿಲ್ಲದ ರಾಜೀನಾಮಿಗಿ ಸಹಿ ಕೇಳ್ತಾರ, ಎಸ್ಸೆಸ್ಸೆಲ್ಸಿ, ಐಟಿಐ ಒರಿಜಿನಲ್ ಸರ್ಟಿಫಿಕೇಟ್ ಇಟ್ಕೋತೀವಿ ಅಂತಾರ. ಕೊನೇ ಎರಡಕ್ಕ ಒಪ್ಪಲೇ ಬ್ಯಾಡ್ರಿ. ಝೆರಾಕ್ಸ್ ಕೊಡ್ರಿ, ಒರಿಜಿನಲ್ ತೋರಿಸಿ ವಾಪಸ್ ತಗೊಳ್ರಿ.

## ಹಂತ 2: ನಿಮ್ಮ ಮಾಲಕ ಯಾರು ಅಂತ ಖಾತ್ರಿ ಮಾಡ್ಕೊಳ್ರಿ

ಗೇಟಿನ ಮ್ಯಾಲ ಇರೋ ಬೋರ್ಡ್ ಬ್ಯಾರೆ, ನಿಮಗ ಪಗಾರ ಕೊಡೋದು ಬ್ಯಾರೆ ಇರ್ತದ. ಗೇಟ್ ಪಾಸಿನ ಮ್ಯಾಲ ಸಣ್ಣ ಅಕ್ಷರದಾಗ ಠೇಕೇದಾರನ ಹೆಸರಿರ್ತದ, ಅದನ್ನ ನೋಡ್ರಿ. ಬ್ಯಾಂಕ್ ಪಾಸ್‌ಬುಕ್ಕಿನಾಗ ರೊಕ್ಕ ಯಾರ ಹೆಸರಿಂದ ಬಂದದ ನೋಡ್ರಿ. ಪಿಎಫ್ ಪಾಸ್‌ಬುಕ್ಕಿನಾಗ ಎಸ್ಟಾಬ್ಲಿಶ್‌ಮೆಂಟ್ ಹೆಸರೇನದ ನೋಡ್ರಿ. ಮೂರೂ ಕಡೆ ಒಂದೇ ಹೆಸರಿದ್ರ ಸರಿ. ಮೂರು ಕಡೆ ಮೂರು ಹೆಸರಿದ್ರ ಅದನ್ನ ಹಂಗೇ ಬರ್ದು ಇಡ್ರಿ, ಅರ್ಜಿದಾಗ ಮೂರನ್ನೂ ಹಾಕ್ಬೇಕಾಗ್ತದ.

ಠೇಕೇದಾರ ಪಗಾರ ಕೊಡಲಿಲ್ಲಾಂದ್ರ ಕೊಡೋ ಜವಾಬ್ದಾರಿ ಮೂಲ ಕಂಪನಿ ಮ್ಯಾಲ ಬೀಳ್ತದ. "ನೀ ನಮ್ಮ ಮನಷ್ಯಾ ಅಲ್ಲ, ಠೇಕೇದಾರನ ಕೇಳು" ಅಂತ ಎಚ್‌ಆರ್‌ನವರು ಅಂದ್ರ ಮಾತು ಅಲ್ಲಿಗೇ ಮುಗೀತು ಅಂತ ಎದ್ದು ಬರಬ್ಯಾಡ್ರಿ.

ಟ್ರೇನಿ, ಅಪ್ರೆಂಟಿಸ್ ಅಂತ ತಗೊಂಡಿದ್ರ ಒಂದೇ ಪ್ರಶ್ನಿ ಕೇಳ್ರಿ: ನನ್ನ ಅಪ್ರೆಂಟಿಸ್ ಕರಾರು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ದಾಗ ರಿಜಿಸ್ಟರ್ ಆಗ್ಯಾದೇನು, ನಂಬರ್ ಕೊಡ್ರಿ. ಕರಾರೇ ಇಲ್ಲದ "ಟ್ರೇನಿಂಗ್ ಪೀರಿಯಡ್" ಅಂತ ಪೂರಾ ಶಿಫ್ಟ್ ದುಡಿಸಿ ಪಗಾರ ಇಲ್ಲ ಅಂದ್ರ ಅದು ದೂರು ಕೊಡೋ ವಿಷಯಾನೇ.

## ಹಂತ 3: ದಿನಾ ಎರಡು ಸಾಲು, ತಿಂಗಳಿಗೊಮ್ಮಿ ಲೆಕ್ಕ

ನೋಟ್‌ಬುಕ್ಕಿನಾಗ ದಿನಾ ಬರೀಬೇಕಾದ್ದು ಇಷ್ಟೇ: ತಾರೀಖು, ಒಳಗ ಹೋದ ಟೈಮ್, ಹೊರಗ ಬಂದ ಟೈಮ್, ಯಾವ ಸೆಕ್ಷನ್, ಯಾರ ಕೈಕೆಳಗ. ಏನಾರ ಆದ್ರ ಅದು. "ಬೈದ" ಅಂತ ಬರೀಬ್ಯಾಡ್ರಿ, ಏನಂತ ಬೈದ, ಯಾರ್ಯಾರು ಇದ್ರು ಅಂತ ಬರೀರಿ.

ಪಗಾರ ಸ್ಲಿಪ್ ಬಂದ ದಿನ ಲೆಕ್ಕ ಹಾಕ್ರಿ. ಉದಾಹರಣಿಗಿ ತಿಂಗಳಿಗಿ 13,000 ಪಗಾರ, 26 ದಿನದ ಹಾಜರಿ ಅಂತ ಹಿಡೀರಿ. ದಿನಕ್ಕ 500, 8 ತಾಸಿಗಿ ಭಾಗಿಸಿದ್ರ ತಾಸಿಗಿ 62 ರೂಪಾಯಿ 50 ಪೈಸಾ. ಓವರ್‌ಟೈಮ್ ಅಂದ್ರ ಎರಡು ಪಟ್ಟು, ತಾಸಿಗಿ 125. ಅಂದ್ರ 4 ತಾಸು ಹೆಚ್ಚಿಗಿ ನಿಂತ್ರ ಒಂದು ಪೂರಾ ದಿನದ ಪಗಾರ, 500 ಬರ್ಬೇಕು. ಸ್ಲಿಪ್ಪಿನಾಗ ಅದು 250 ಇದ್ರ ಸಿಂಗಲ್ ರೇಟ್ ಹಿಡದಾರ ಅಂತ ತಿಳ್ಕೊಳ್ರಿ. ಪಿಎಫ್ 12 ಪರ್ಸೆಂಟ್ ಅಂದ್ರ 1,560 ನಿಮ್ಮ ಕಡೆಯಿಂದ ಕಟ್, ಕಂಪನಿದೂ 12 ಪರ್ಸೆಂಟ್ ಬ್ಯಾರೆ ಹಾಕ್ಬೇಕು. ಇಎಸ್‌ಐಗಿ ನಿಮ್ಮದು 0.75 ಪರ್ಸೆಂಟ್, ಮಾಲಕನ್ದು 3.25. ಮಾಲಕನ ಪಾಲನ್ನೂ ನಿಮ್ಮ ಪಗಾರದಾಗೇ ಮುರಿದಿದ್ರ ಅದು ತಪ್ಪು.

ಸ್ಲಿಪ್ಪಿನಾಗ ಕಟ್ ಆದದ್ದು ಕಟ್ಟ್ಯಾರ ಅಂತ ಅಲ್ಲ. ಪಿಎಫ್ ರೊಕ್ಕ ಮುಂದಿನ ತಿಂಗಳ 15ರೊಳಗ ಮಾಲಕ ತುಂಬಬೇಕು. ಯುಎಎನ್‌ಗಿ ಜೋಡಿಸಿದ ಫೋನಿನಿಂದ 9966044425ಕ್ಕ ಮಿಸ್ಡ್ ಕಾಲ್ ಕೊಟ್ರ ಮೆಸೇಜ್ ಬರ್ತದ, ಇಲ್ಲಾ ಉಮಂಗ್ ಆ್ಯಪಿನಾಗ ಪಾಸ್‌ಬುಕ್ ತೆಗದು ನೋಡ್ರಿ. ಮೂರು ತಿಂಗಳಿಂದ ಖಾಲಿ ಇದ್ರ ಸುಮ್ಮನ ಕೂಡಬ್ಯಾಡ್ರಿ.

ನಮ್ಮ ಕಡೆ ನಡಿಯೋ ಇನ್ನೊಂದು ಆಟ ಹೇಳ್ಲೇಬೇಕು. ಠೇಕೇದಾರ ಎಲ್ಲಾರ ಎಟಿಎಂ ಕಾರ್ಡ್ ತನ್ನ ಹತ್ರ ಇಟ್ಕೋತಾನ, ಕಾಗದದ ಮ್ಯಾಲ ಪೂರಾ ಪಗಾರ ಖಾತಿಗಿ ಬರ್ತದ, ಅವತ್ತೇ ಅವನ ಮುನ್ಷಿ ಹೋಗಿ ರೊಕ್ಕ ತೆಗದು ಕೈಯಾಗ ಕಡಿಮಿ ಕೊಡ್ತಾನ. "ಇದಕ್ಕ ಸಾಕ್ಷಿ ಎಲ್ಲಿಂದ ತರೋದ್ರಿ" ಅಂತಾರ. ಸಾಕ್ಷಿ ಬ್ಯಾಂಕಿನಾಗೇ ಅದ. ಸ್ಟೇಟ್‌ಮೆಂಟ್ ತೆಗೀರಿ, ರೊಕ್ಕ ತೆಗ್ದ ದಿನ ಸಿಗ್ತದ, ಬ್ಯಾಂಕಿಗಿ ಅರ್ಜಿ ಕೊಟ್ಟು ಯಾವ ಎಟಿಎಂ, ಎಷ್ಟು ಗಂಟಿಗಿ ಅಂತ ಕೇಳ್ರಿ. ಅದೇ ಹೊತ್ತಿಗಿ ನೀವು ಪ್ಲಾಂಟ್ ಒಳಗ ಡ್ಯೂಟಿ ಮ್ಯಾಲ ಇದ್ದದ್ದು ಗೇಟಿನ ಪಂಚಿಂಗ್‌ದಾಗ ಅದ, ನಿಮ್ಮ ನೋಟ್‌ಬುಕ್ಕಿನಾಗೂ ಅದ. ಮನಷ್ಯಾ ಒಳಗಿದ್ದ, ಕಾರ್ಡ್ ಹೊರಗ ಓಡಾಡ್ತು. ಇದೇ ರೀತಿ ಐದಾರು ಮಂದಿ ಸ್ಟೇಟ್‌ಮೆಂಟ್ ಒಂದೇ ಎಟಿಎಂದಾಗ ಒಂದರ ಹಿಂದ ಒಂದು ನಿಮಿಷಕ್ಕ ತೆಗ್ದದ್ದು ತೋರಿಸಿದ್ರ, ಅದಕ್ಕ ಯಾರೂ ಉತ್ತರ ಕೊಡ್ಲಾಕ ಆಗಲ್ಲ. ಸ್ಟೇಟ್‌ಮೆಂಟ್ ತೆಗ್ದ ಮ್ಯಾಲ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತಗೊಳ್ರಿ, ಮೊದಲೇ ಬ್ಲಾಕ್ ಮಾಡಿದ್ರ ಅವರು ಎಚ್ಚರ ಆಗ್ತಾರ.

## ಹಂತ 4: ಯಾವ ದೂರಿಗಿ ಯಾವ ಬಾಗ್ಲು

ಹೆಚ್ಚು ಮಂದಿ ಎಡವೋದು ಇಲ್ಲೇ. ಎಲ್ಲಾ ಸಂಕಟ ಒಂದೇ ಅರ್ಜಿದಾಗ ತುಂಬಿ, ಡಿಸಿ ಸಾಹೇಬ್ರಿಗಿ, ಎಮ್ಮೆಲ್ಲೆಗಿ, ಎಚ್‌ಆರ್‌ಗಿ ಒಂದೇ ಕಾಪಿ ಕೊಡ್ತಾರ. ಓದಿದವರು ಇದು ನಮ್ದಲ್ಲ ಅಂತ ಪಕ್ಕಕ್ಕಿಡ್ತಾರ. ಒಂದು ವಿಷಯಕ್ಕ ಒಂದು ಅರ್ಜಿ.

ಪಗಾರ, ಓವರ್‌ಟೈಮ್, ರಜಾ, ಶಿಫ್ಟ್, ಪ್ರಮೋಷನ್, ಒಬ್ಬರಿಗೊಂದು ಇನ್ನೊಬ್ಬರಿಗೊಂದು ನ್ಯಾಯ, ಇವೆಲ್ಲಾ ಕುಂದುಕೊರತೆ ಸಮಿತಿಗಿ. 20 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಈ ಸಮಿತಿ ಇರಲೇಬೇಕು, ಕಂಪನಿ ಕಡೆಯವರು ಕಾರ್ಮಿಕರ ಕಡೆಯವರು ಸಮ ಸಮ, ಒಟ್ಟು 10ಕ್ಕಿಂತ ಹೆಚ್ಚಿಲ್ಲ. ಘಟನಾ ಆಗಿ ಒಂದು ವರ್ಷದೊಳಗ ಕೊಡಬೇಕು, ಅವರು 30 ದಿನದಾಗ ಮುಗಿಸ್ಬೇಕು. ಠೇಕೇದಾರನ ಕೈಕೆಳಗ ಇದ್ದವರು ಅವನಿಗೊಂದು, ಮೂಲ ಕಂಪನಿ ಎಚ್‌ಆರ್‌ಗೊಂದು, ಎರಡೂ ಕಡೆ ಕೊಡ್ರಿ.

ಡ್ಯೂಟಿ ಹಾಕ್ಲಾಕ ರೊಕ್ಕ ಕೇಳೋದು, ಸುಳ್ಳು ಹಾಜರಿ, ಸುಳ್ಳು ಟ್ರೇನಿಂಗ್ ರಿಜಿಸ್ಟರ್, ಸ್ಕ್ರ್ಯಾಪ್ ಕಳವು ಇವೆಲ್ಲಾ ಎಥಿಕ್ಸ್ ದೂರು. ಶೇರು ಮಾರ್ಕೆಟ್ಟಿನಾಗ ಇರೋ ಕಂಪನಿಗಳು ಇಂಥ ದೂರಿಗಿ ಒಂದು ವ್ಯವಸ್ಥಾ ಇಡಲೇಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳ್ತದ, ಜರೂರು ಇದ್ರ ನೆಟ್ಟಗ ಕಂಪನಿಯ ಲೆಕ್ಕ ನೋಡೋ ಆಡಿಟ್ ಸಮಿತಿ ಅಧ್ಯಕ್ಷರ ತನ ಹೋಗಬಹುದು. ಭಾಳ ಕಂಪನಿಗಳಾಗ ಹೆಸರಿಲ್ಲದನೂ ಕೊಡಬಹುದು, ಆದ್ರ ಹೆಸರಿಲ್ಲದ ದೂರಿನಾಗ ತಾರೀಖು, ಸೆಕ್ಷನ್, ಬಿಲ್ ನಂಬರ್ ಪಕ್ಕಾ ಇಲ್ಲಾಂದ್ರ ತನಿಖಿ ಮುಂದ ಹೋಗಲ್ಲ. ದೂರು ಕೊಟ್ಟ ಮ್ಯಾಲ ಟಿಕೆಟ್ ನಂಬರ್ ಕೊಡ್ತಾರ, ಅದನ್ನ ಬರಕೊಳ್ರಿ.

ಸುರಕ್ಷತಾ ವಿಷಯಕ್ಕ ಕಾಯಬ್ಯಾಡ್ರಿ. ಜೀವಕ್ಕ ಅಪಾಯ ಅದ ಅನ್ನಿಸಿದ್ರ ಆ ಕ್ಷಣಾನೇ ಶಿಫ್ಟ್ ಇನ್‌ಚಾರ್ಜ್‌ಗೂ ಸೇಫ್ಟಿ ಆಫೀಸರಿಗೂ ಹೇಳ್ರಿ, ಹೇಳೋ ಹಕ್ಕು ಕಾಯ್ದೆದಾಗೇ ಅದ. ಪರ್ಮಿಟ್ ಕಾಗದ (ಇಳೀಲಾಕ ಬರದು ಕೊಟ್ಟ ಅನುಮತಿ) ಇಲ್ಲದ ಟ್ಯಾಂಕಿಗಿ, ಸೈಲೋಗಿ (ಮಾಲು ತುಂಬಿಡೋ ಎತ್ತರದ ಕೊಠಿಗಿ) ಇಳೀಬ್ಯಾಡ್ರಿ, ಯಾರು ಎಷ್ಟು ಅವಸರ ಮಾಡಿದ್ರೂ.

ಜಾತಿ ಎತ್ತಿ ಬೈದ್ರ, ಕ್ಯಾಂಟೀನಿನಾಗ ನೀರು, ತಾಟು ಬ್ಯಾರೆ ಇಟ್ರ, ಅದು ಬರೀ ಕಂಪನಿ ಒಳಗಿನ ವಿಷಯ ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗಿ 1989ರ ದೌರ್ಜನ್ಯ ತಡೆ ಕಾಯ್ದೆ ಅದ, ಪೊಲೀಸ್ ಠಾಣಾಕ್ಕ ಹೋಗ್ರಿ, ಎಫ್‌ಐಆರ್‌ಗಿ ಮೊದಲ "ವಿಚಾರಣಾ ಮಾಡಿ ನೋಡ್ತೀವಿ" ಅನ್ನೋದು ಆ ಕಾಯ್ದೆದಾಗ ಬೇಕಿಲ್ಲ. "ಒಳಗೇ ಮುಗಿಸೋಣು ಬಿಡ್ರಿ" ಅಂತ ಹಿರ್ಯಾರು ಬಂದು ಕೂಡ್ತಾರ, ಅವರ ಮಾತಿಗಿ ತಾರೀಖು ದಾಟಿಸ್ಬ್ಯಾಡ್ರಿ.

## ಹಂತ 5: ಅರ್ಜಿ ಬರಿಯೋದು

ಒಂದು ಹಾಳಿ ಸಾಕು, ಹೆಚ್ಚಂದ್ರ ಎರಡು. ಸಿಟ್ಟು ಬರ್ತದ, ಬರೋದೇ, ಆದ್ರ ಸಿಟ್ಟಿನ ಮಾತು ಹಾಳಿ ಮ್ಯಾಲ ಬಂದ್ರ ಅವರು ಅದನ್ನೇ ಹಿಡ್ಕೊಂಡು ಕೂಡ್ತಾರ. ಹಿಂಗ ಬರೀರಿ:

"ಮಾನ್ಯರೇ, ನಾನು ತಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ (ಠೇಕೇದಾರರ ಹೆಸರು) ಅವರ ಅಡಿಯಲ್ಲಿ ಕೆಲಸ ಮಾಡುತ್ತಿದ್ದು, ನನ್ನ ಗೇಟ್ ಪಾಸ್ ಸಂಖ್ಯೆ (…) ಇರುತ್ತದೆ. ದಿನಾಂಕ (…) ರಿಂದ (…) ರವರೆಗೆ ಒಟ್ಟು 36 ತಾಸು ಹೆಚ್ಚುವರಿ ಕೆಲಸ ಮಾಡಿರುತ್ತೇನೆ. ಅದಕ್ಕೆ 4,500 ರೂ. ಬರಬೇಕಿದ್ದು 2,250 ರೂ. ಮಾತ್ರ ಪಾವತಿಯಾಗಿದೆ. ಬಾಕಿ 2,250 ರೂ. ಕೊಡಿಸಬೇಕೆಂದು ಕೋರುತ್ತೇನೆ. ಪಗಾರ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ದಿನದ ಲೆಕ್ಕದ ಪ್ರತಿ ಲಗತ್ತಿಸಿದೆ."

ನೋಡ್ರಿ, ಯಾರು, ಎಲ್ಲಿ, ಯಾವಾಗ, ಎಷ್ಟು, ಏನು ಬೇಕು, ಏನು ಹಚ್ಚೀವಿ. "ನನಗೆ ನ್ಯಾಯ ಕೊಡಿಸಿ" ಅಂತ ಮುಗಿಸ್ಬ್ಯಾಡ್ರಿ, ಅದಕ್ಕ ಉತ್ತರ ಕೊಡೋದು ಅವರಿಗಿ ಭಾಳ ಸುಲಭ. ಎಷ್ಟು ರೂಪಾಯಿ, ಯಾವ ತಾರೀಖಿನ ರಜಾ, ಯಾವ ಶಿಫ್ಟ್ ಅಂತ ಕೇಳ್ರಿ. ಒಂದೇ ತೊಂದ್ರಿ ಹತ್ತು ಮಂದಿಗಿದ್ರ ಹತ್ತೂ ಮಂದಿ ಬ್ಯಾರೆ ಬ್ಯಾರೆ ಅರ್ಜಿ, ಬ್ಯಾರೆ ಬ್ಯಾರೆ ಲೆಕ್ಕ ಕೊಡ್ರಿ, ಒಂದೇ ದಿನ. ಒಂದೇ ಹಾಳಿದಾಗ ಹತ್ತು ಸಹಿ ಇದ್ರ ಆಮ್ಯಾಲ ಇಬ್ಬರನ್ನ ಒಲಿಸ್ಕೊಂಡು "ನಾವು ಓದದ ಸಹಿ ಮಾಡೀವಿ" ಅಂತ ಬರಿಸ್ಕೋತಾರ, ಉಳಿದ ಎಂಟು ಮಂದಿದೂ ಕೆಡ್ತದ.

## ಹಂತ 6: ಕೊಟ್ಟದ್ದಕ್ಕ ಗುರುತು ತಗೊಳ್ರಿ

ಎರಡು ಪ್ರತಿ ಒಯ್ರಿ. ಒಂದು ಕೊಡ್ರಿ, ಇನ್ನೊಂದರ ಮ್ಯಾಲ ಸೀಲು, ತಾರೀಖು, ತಗೊಂಡವರ ಸಹಿ. ಸೀಲ್ ಹಾಕಂಗಿಲ್ಲ ಅಂದ್ರ ವಾದ ಮಾಡಬ್ಯಾಡ್ರಿ, ನೆಟ್ಟಗ ಪೋಸ್ಟ್ ಆಫೀಸಿಗಿ ಹೋಗಿ ಸ್ಪೀಡ್ ಪೋಸ್ಟ್ ಮಾಡ್ರಿ, ಮುಟ್ಟಿದ ಗುರುತು ಬೇಕು ಅಂತ ಹೇಳ್ರಿ. 2025ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೇ ಸೇರ್ಯಾದ, ಹಳೇ ಹೆಸರು ಕೇಳಿ ತಲಿ ಕೆಡಿಸ್ಕೋಬ್ಯಾಡ್ರಿ. ರಸೀದಿಯ ಅಕ್ಷರ ಬಿಸಿಲಿಗಿ ಅಳಿಸಿ ಹೋಗ್ತಾವ, ಅವತ್ತೇ ಫೋಟೋ ತೆಗೀರಿ. ನಮ್ಮ ಬ್ಯಾಸಗಿದಾಗ ಗಾಡಿ ಡಿಕ್ಕಿದಾಗ ಇಟ್ಟ ರಸೀದಿ ಬೆಳ್ಳಗಾಗಿ ಬರ್ತದ.

ವಾಟ್ಸ್ಯಾಪ್ ಮೆಸೇಜ್ ಹೆಚ್ಚಿಗಿನ ಸಾಕ್ಷಿ, ಅರ್ಜಿ ಬದಲಿ ಅಲ್ಲ.

## ಹಂತ 7: ಹೆಣ್ಮಕ್ಕಳಿಗಿ ಲೈಂಗಿಕ ಕಿರುಕುಳ ಆದ್ರ ದಾರಿ ಬ್ಯಾರೆ

ಇದನ್ನ ಕುಂದುಕೊರತೆ ಸಮಿತಿಗಿ ಕೊಡಬ್ಯಾಡ್ರಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ 10 ಮಂದಿ ಅಥವಾ ಹೆಚ್ಚು ಇದ್ದ ಕಡೆ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಅಲ್ಲಿನ ಹಿರಿಯ ಮಹಿಳಾ ಉದ್ಯೋಗಿ, ಅರ್ಧಕ್ಕಿಂತ ಕಡಿಮಿ ಇಲ್ಲದಂಗ ಹೆಣ್ಮಕ್ಕಳು, ಹೊರಗಿನವರು ಒಬ್ರು. ಕಸ ಹೊಡಿಯೋ ಅಕ್ಕಾರು, ಠೇಕೇದಾರನ ಕಡೆಯ ಲ್ಯಾಬ್ ಹುಡುಗಿ, ಟ್ರೇನಿ ಎಲ್ಲಾರೂ ಇದರಾಗ ಬರ್ತಾರ.

ಅವಧಿ ಮುಖ್ಯ: ಕೊನೇ ಘಟನಾ ಆಗಿ 3 ತಿಂಗಳೊಳಗ ಬರದು ಕೊಡಬೇಕು. ಕಾರಣ ಇದ್ರ ಸಮಿತಿ ಇನ್ನ 3 ತಿಂಗಳು ಕೊಡಬಹುದು. ಆರು ಪ್ರತಿ, ಸಾಕ್ಷಿ ಕಾಗದ, ಸಾಕ್ಷಿದಾರರ ಹೆಸರು ವಿಳಾಸ ಬೇಕು. ಬರೀಲಾಕ ಬರಲ್ಲಾಂದ್ರ ಬರಿಲಿಕ್ಕ ಸಹಾಯ ಮಾಡೋದು ಸಮಿತಿ ಕೆಲ್ಸ. ತನಿಖಿ 90 ದಿನದಾಗ ಮುಗೀಬೇಕು. ಅಷ್ಟು ದಿನ ಅವನ ಮುಂದೇ ಕೆಲ್ಸ ಮಾಡ್ಲಾಕ ಆಗಲ್ಲ ಅಂದ್ರ ಬರದು ಕೇಳ್ರಿ, ಇಬ್ಬರಾಗ ಒಬ್ಬರನ್ನ ಬ್ಯಾರೆ ಕಡೆ ಹಾಕಬಹುದು, 3 ತಿಂಗಳ ತನ ರಜಾ ಕೊಡಬಹುದು.

ಅಪಾಯದ ಗುರುತು ಒಂದೇ ಅದ, ನೆನಪಿಡ್ರಿ: ರೊಕ್ಕ ಕೊಟ್ಟು ರಾಜಿ ಮಾತು. ರಾಜಿ ಮಾಡ್ಬೇಕಂದ್ರ ಹೆಣ್ಮಗಳೇ ಕೇಳ್ಬೇಕು, ಅದಕ್ಕೂ ರೊಕ್ಕ ಆಧಾರ ಆಗಬಾರ್ದು ಅಂತ ಕಾಯ್ದೆದಾಗೇ ಬರ್ದದ. ದೂರು ಮಾಲಕನ ಮ್ಯಾಲೇ ಇದ್ರ, ಅಥವಾ 10ಕ್ಕಿಂತ ಕಡಿಮಿ ಮಂದಿ ಇದ್ರ ಜಿಲ್ಲಾದ ಸ್ಥಳೀಯ ಸಮಿತಿಗಿ ಹೋಗ್ರಿ, ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ದಾಗೂ ಹಾಕಬಹುದು. ಮೈ ಮುಟ್ಟಿದ್ರ, ಬೆದರಿಕಿ ಹಾಕಿದ್ರ 112 (ಪೊಲೀಸ್) ಅಥವಾ 181 (ಮಹಿಳಾ ಸಹಾಯವಾಣಿ) ನಂಬರಿಗಿ ಫೋನ್ ಮಾಡ್ರಿ. ಸಮಿತಿಗಿ ಕೊಟ್ಟೀವಿ ಅಂತ ಪೊಲೀಸ್ರಿಗಿ ಕೊಡಬಾರ್ದು ಅಂತೇನಿಲ್ಲ.

ಜೊತಿಗಿ ಕೆಲ್ಸ ಮಾಡೋ ಗಂಡಸ್ರಿಗಿ ಒಂದು ಮಾತು: ಆಕಿ ಹೆಸರು ಗ್ರೂಪಿನಾಗ ಹಾಕ್ಬ್ಯಾಡ್ರಿ, ಬೆಂಬಲಕ್ಕ ಅಂತನೂ ಬ್ಯಾಡ. ಆಕಿ ಹೆಸರು, ವಿಳಾಸ ಬಹಿರಂಗ ಮಾಡೋದು ಕಾಯ್ದೆಗಿ ವಿರುದ್ಧ.

## ಹಂತ 8: ಕಾಯೋ ದಿನಗಳು

ಅರ್ಜಿ ಕೊಟ್ಟ ಮರುದಿನದಿಂದ ಏನೇನಾಗ್ತದ ಅನ್ನೋದನ್ನ ಮೊದಲೇ ತಿಳ್ಕೊಂಡ್ರ ಹೆದರಿಕಿ ಕಡಿಮಿ. ಶಿಫ್ಟ್ ಬದಲಿ, ದೂರದ ಸೆಕ್ಷನ್, "ನಾಳಿಂದ ಗೇಟ್ ಪಾಸ್ ರಿನ್ಯೂ ಆಗಲ್ಲ", ಸಣ್ಣದಕ್ಕೂ ಮೆಮೋ. ಮೆಮೋ ಬಂದ್ರ ಹರದು ಒಗಿಬ್ಯಾಡ್ರಿ, ತಗೊಂಡು ಅದರಾಗ ಹೇಳಿದ ದಿನದೊಳಗ ಬರದು ಉತ್ತರ ಕೊಡ್ರಿ, ಉತ್ತರದ ಕೊನೀಗಿ "ದಿನಾಂಕ ಇಂತಿಷ್ಟರಂದು ನಾನು ದೂರು ನೀಡಿದ ನಂತರ ಈ ಮೆಮೊ ಬಂದಿರುತ್ತದೆ" ಅಂತ ಒಂದು ಸಾಲು ಸೇರಿಸ್ರಿ. ದಂಡ ಹಾಕ್ಬೇಕಂದ್ರ ಮೊದಲ ನಿಮ್ಮ ಮಾತು ಕೇಳ್ಬೇಕು, ಆ ತಿಂಗಳ ಪಗಾರದ 3 ಪರ್ಸೆಂಟ್ ದಾಟಬಾರ್ದು.

ದೊಡ್ಡ ತಪ್ಪು ಏನಂದ್ರ, ಸಿಟ್ಟಿಗಿ ಕೆಲ್ಸಕ್ಕ ಹೋಗೋದು ಬಿಡೋದು. ಎಂಟು ದಿನ ಹೋಗಲಿಲ್ಲಾಂದ್ರ "ಅವನೇ ಬಿಟ್ಟು ಹೋದ" ಅಂತ ಬರಕೋತಾರ. ಗೇಟಿನಾಗ ಒಳಗ ಬಿಡಲಿಲ್ಲಾಂದ್ರ ಅಲ್ಲೇ ಹೊರಗಿನ ರಸ್ತಾದ ಮ್ಯಾಲ ನಿಂತು ಟೈಮ್ ಬರಕೊಳ್ರಿ, ಜೊತಿಗಿ ಇದ್ದವರ ಹೆಸರು ಬರಕೊಳ್ರಿ, ಅವತ್ತೇ ಎಚ್‌ಆರ್‌ಗಿ "ಇಂದು ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ" ಅಂತ ಇಮೇಲೋ ಸ್ಪೀಡ್ ಪೋಸ್ಟೋ ಕಳಿಸ್ರಿ.

## ಹಂತ 9: ಒಳಗ ಆಗಲಿಲ್ಲಾಂದ್ರ ಹೊರಗಿನ ಆಫೀಸು

ಇಲ್ಲೂ ಬಾಗ್ಲು ತಪ್ಪಿದ್ರ ತಿಂಗಳುಗಟ್ಲೆ ಹೋಗ್ತದ. ಸುಣ್ಣದ ಕಲ್ಲಿನ ಗಣಿ, ಸಿಮೆಂಟ್, ರೈಲ್ವೆ, ಇವು ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿಗಿ ಬರ್ತಾವ. ಔಷಧ, ಕೆಮಿಕಲ್, ಸಕ್ಕರಿ, ದಾಲ್ ಮಿಲ್, ಗಾರ್ಮೆಂಟ್, ಇವು ರಾಜ್ಯದ ಕಾರ್ಮಿಕ ಇಲಾಖಾಕ್ಕ. ಕಲಬುರಗಿದಾಗ ರಾಜ್ಯದ ಲೇಬರ್ ಆಫೀಸಿಗಿ ಸಿಮೆಂಟ್ ಕಾರ್ಖಾನಿ ಅರ್ಜಿ ಹಿಡ್ಕೊಂಡು ಹೋಗಿ "ಇದು ನಮ್ದಲ್ರಿ" ಅನ್ನಿಸ್ಕೊಂಡು ಬರೋದು ಇದಕ್ಕೇ. ಕಂಪನಿ ನೋಟಿಸ್ ಬೋರ್ಡಿನಾಗ ಕನಿಷ್ಠ ಪಗಾರದ ಪಟ್ಟಿ, ಇನ್‌ಸ್ಪೆಕ್ಟರ್ ಹೆಸರು ಹಚ್ಚಿರ್ತಾರ, ಅದನ್ನ ನೋಡಿದ್ರ ಯಾವ ಸರ್ಕಾರ ಅಂತ ತಿಳೀತದ. ಕೇಂದ್ರದ್ದಿದ್ರ ಸಮಾಧಾನ್ ಪೋರ್ಟಲ್‌ದಾಗ ಆನ್‌ಲೈನ್ ಹಾಕಬಹುದು.

ಕುಂದುಕೊರತೆ ಸಮಿತಿ ತೀರ್ಪು ಒಪ್ಪಿಗಿ ಆಗ್ಲಿಲ್ಲ, ಅಥವಾ 30 ದಿನದಾಗ ಏನೂ ಹೇಳಲಿಲ್ಲ ಅಂದ್ರ, ಅಲ್ಲಿಂದ 60 ದಿನದೊಳಗ ನಿಮ್ಮ ಯೂನಿಯನ್ ಮುಖಾಂತರ ಸಂಧಾನಾಧಿಕಾರಿ (ಮಾಲಕ, ಕಾರ್ಮಿಕರ ನಡುವಿನ ಜಗಳ ಬಗೆಹರಿಸೋ ಸರ್ಕಾರಿ ಅಧಿಕಾರಿ) ಹತ್ರ ಹೋಗ್ಬೇಕು. ಪಗಾರ ಬಾಕಿ ಕೇಳ್ಲಾಕ 3 ವರ್ಷದ ತನ ಟೈಮ್ ಅದ, ಮತ್ತ ಪಗಾರ ಕೊಟ್ಟೀವಿ ಅಂತ ರುಜುವಾತು ಮಾಡೋ ಭಾರ ಮಾಲಕನ ಮ್ಯಾಲೇ ಅದ. ಹಂಗಂತ ನೋಟ್‌ಬುಕ್ ಬಿಡಬ್ಯಾಡ್ರಿ, ಎಷ್ಟು ತಾಸು ದುಡಿದ್ರಿ ಅಂತ ಮೊದಲ ಹೇಳ್ಬೇಕಾದವರು ನೀವೇ.

ಪಿಎಫ್ ವಿಷಯಕ್ಕ ಲೇಬರ್ ಆಫೀಸ್ ಬ್ಯಾಡ, ಪಿಎಫ್‌ನವರ ದೂರು ಪೋರ್ಟಲ್, ಇಲ್ಲಾ ಕಲಬುರಗಿಯ ಪಿಎಫ್ ಕಚೇರಿ. ವಕೀಲರ ಫೀ ಕೊಡ್ಲಾಕ ಆಗಲ್ಲ ಅನ್ನೋರು ಜಿಲ್ಲಾ ಕೋರ್ಟಿನಾಗ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಇಲ್ಲಾ 15100ಕ್ಕ ಫೋನ್ ಮಾಡ್ರಿ. ಹೆಣ್ಮಕ್ಕಳಿಗಿ, ಪರಿಶಿಷ್ಟ ಜಾತಿ ಪಂಗಡದವರಿಗಿ, ಕಾರ್ಖಾನಿ ಕಾರ್ಮಿಕರಿಗಿ ಅಲ್ಲಿ ವಕೀಲರು ಪುಕ್ಕಟೆ ಸಿಗ್ತಾರ. ಇದನ್ನ ಕೇಳೋದು ನಾಚಿಗಿ ವಿಷಯ ಅಲ್ಲ, ನಿಮ್ಮ ಹಕ್ಕು.

## ಹಂತ 10: ರಾಜಿ ಅಥವಾ ಫೈನಲ್ ಸೆಟಲ್‌ಮೆಂಟ್ ಕಾಗದ

ಕೊನೀಗಿ ಒಂದು ದಿನ ಕರೆದು ಕೂಡಿಸಿ ವೋಚರ್ ಮುಂದಿಡ್ತಾರ. ಕೆಲ್ಸ ಬಿಟ್ರ ಅಥವಾ ತೆಗ್ದ್ರ ಪಗಾರ ಬಾಕಿ 2 ಕೆಲ್ಸದ ದಿನದೊಳಗ ಕೊಡಬೇಕು ಅಂತ ವೇತನ ಸಂಹಿತೆದಾಗ ಅದ, ಅದಕ್ಕ ಅದು ಅವರು ಮಾಡೋ ಉಪಕಾರ ಅಂತ ತಿಳ್ಕೋಬ್ಯಾಡ್ರಿ. ಪೂರಾ ಓದ್ರಿ, ಓದಲಿಕ್ಕ ಬರಲ್ಲಾಂದ್ರ ನಿಮ್ಮ ಕಡೆಯವರನ್ನ ಕರ್ಕೊಂಡು ಹೋಗ್ರಿ. "ಇನ್ನು ಯಾವುದೇ ಬಾಕಿ ಇರುವುದಿಲ್ಲ" ಅನ್ನೋ ಸಾಲು ಹುಡುಕ್ರಿ. ಬಾಕಿ ಇದ್ರ ಆ ಸಾಲಿನ ಕೆಳಗ ನಿಮ್ಮ ಕೈಲೆ "ಓವರ್‌ಟೈಮ್ ಬಾಕಿ ರೂ. ಇಷ್ಟು ಬಿಟ್ಟು" ಅಂತ ಬರ್ದು ಆಮ್ಯಾಲ ಸಹಿ ಮಾಡ್ರಿ. ಬರೀಲಾಕ ಬಿಡಲ್ಲಾಂದ್ರ ಸಹಿ ಮಾಡದ ಎದ್ದು ಬರ್ರಿ, ಅವತ್ತಿನ ತಾರೀಖಿನಾಗ ಅದನ್ನೂ ನೋಟ್‌ಬುಕ್ಕಿನಾಗ ಬರ್ದು, ಮರುದಿನ ಮುಂಜಾನಿ ಫೈಲ್ ತಗೊಂಡು ನಿಮ್ಮ ವ್ಯಾಪ್ತಿಯ ಲೇಬರ್ ಆಫೀಸಿಗಿ ಹೋಗ್ರಿ.